ರಾಜೇಶ್ವರಿ ಚಟರ್ಜಿಯವರನ್ನು ನೆನೆದು

ಸುರಪುರದ ಕಡೆಯ ಹಳ್ಳಿಯಿಂದ ಶಹಾಪುರಕ್ಕೆ, ನನ್ನ ತರಗತಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಮದುವೆ ಗೊತ್ತಾಯಿತೆಂದು ಓದು ಬಿಟ್ಟಳು. ಅಂದು ಪಾಠವನ್ನು ಬದಿಗಿರಿಸಿ ನಾನು ರಾಜೇಶ್ವರಿ ಚಟರ್ಜಿಯವರ ಜೀವನವನ್ನು ಹೇಳಿದೆ.

1922ರಲ್ಲಿ ಹುಟ್ಟಿದ ಅವರಿಗೆ ವಿದ್ಯೆಯ ದಾರಿ ಮನೆಯಲ್ಲಿಯೇ ತೆರೆದಿತ್ತು. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರು. ವಿಧವೆಯರ, ಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಮಹಾಯುದ್ಧ ಮುಗಿದ ಬಳಿಕ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪದವಿ ಗಳಿಸಿ 1953ರಲ್ಲಿ ಮರಳಿದರು. ಆ ವರ್ಷವೇ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರ ಕೈಹಿಡಿದರು. ಮದುವೆಯಿಂದ ಸಂಶೋಧನೆ ನಿಲ್ಲಲಿಲ್ಲ. ದಂಪತಿಗಳು ಕೂಡಿ ಮೈಕ್ರೋವೇವ್ ಪ್ರಯೋಗಶಾಲೆಯನ್ನೇ ಕಟ್ಟಿದರು. ರೇಡಾರಿಗೂ ವಿಮಾನಕ್ಕೂ ಬೇಕಾದ ಆಂಟೆನಾಗಳ ವಿದ್ಯೆಯನ್ನು ಬೆಳೆಸಿದ ಆಕೆ ಇಪ್ಪತ್ತು ಮಂದಿ ಸಂಶೋಧಕರಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು, ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರೆಂದು ಹೆಸರಾದರು. 1982ರಲ್ಲಿ ನಿವೃತ್ತರಾದ ಮೇಲೆ ಸ್ತ್ರೀಯರ ಸ್ಥಿತಿಗತಿಗಳ ಅಧ್ಯಯನಕ್ಕೆ ತೊಡಗಿದರು.

2010ರ ಸೆಪ್ಟೆಂಬರಿನಲ್ಲಿ ಅವರು ಕೀರ್ತಿಶೇಷರಾದರು. ಮಗಳು ಇಂದಿರಾ ಅವರೂ ತಾಯಿಯ ವಿದ್ಯೆಯನ್ನೇ ಹಿಡಿದು ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ತಾಯಿಯ ನೆನಪಿಗೆ ಬೇರೊಂದು ಸ್ಮಾರಕ ಬೇಕೆ?

ಅಜ್ಜಿಯ ಓದು ಮೊಮ್ಮಗಳಿಗೆ ನೆರವಾಯಿತು. ಆಕೆಯ ಓದು ಮಗಳಿಗೆ. ನಮ್ಮ ಯಾದಗಿರಿ ಸೀಮೆಯಲ್ಲಿ ಒಬ್ಬ ಹುಡುಗಿ ಪುಸ್ತಕ ಮುಚ್ಚಿಟ್ಟರೆ ಮುಂದೆ ಹುಟ್ಟಲಿರುವ ಅವಳ ಮಗಳಿಗೂ ನಷ್ಟವಲ್ಲವೆ? ಈ ಯೋಚನೆ ನನ್ನನ್ನು ರಾತ್ರಿಯೆಲ್ಲ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಸುರಪುರದ ಬಸ್ಸು ಹತ್ತಿದೆ. ಆ ಹುಡುಗಿಯ ತಾಯಿಯೊಡನೆ ಮಾತನಾಡಬೇಕಾಗಿತ್ತು.