ಗಣತಿಯ ಪಟ್ಟಿಯನ್ನು ಯಂತ್ರಕ್ಕೆ ಓದಿಸಿದ ಹಾಲೆರಿತ್

ಕಂಪ್ಯೂಟರ್ ಬರುವುದಕ್ಕೆ ಅರ್ಧ ಶತಮಾನ ಮೊದಲೇ, ಮನುಷ್ಯರ ಕಣ್ಣಿಗೆಂದು ಬರೆದ ಪಟ್ಟಿಯನ್ನು ಯಂತ್ರವೂ ಓದಬಲ್ಲ ರೂಪಕ್ಕೆ ತಂದವರು ಅಮೆರಿಕದ ಎಂಜಿನಿಯರ್ ಹರ್ಮನ್ ಹಾಲೆರಿತ್. ಜರ್ಮನಿಯಿಂದ ವಲಸೆ ಬಂದ ದಂಪತಿಯ ಪುತ್ರನಾಗಿ 1860ರ ಫೆಬ್ರುವರಿ 29ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಜನಿಸಿದ ಅವರು, 1879ರಲ್ಲಿ ಕೊಲಂಬಿಯಾದ ಗಣಿ ವಿದ್ಯಾಲಯದಿಂದ ಪದವಿ ಪಡೆದರು. ಪ್ರಾಧ್ಯಾಪಕ ವಿಲಿಯಂ ಟ್ರೌಬ್ರಿಜ್ ಅವರ ನೆರವಿನಿಂದ 1880ರ ಜನಗಣತಿಯ ಕೆಲಸಕ್ಕೆ ಸೇರಿದ್ದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು.

ಆ ಗಣತಿಯಲ್ಲಿ ಐದು ಕೋಟಿ ಜನರ ವಿವರಗಳನ್ನು ಗುಮಾಸ್ತರು ಹಾಳೆಯಿಂದ ಓದಿ, ಗೀಟು ಎಳೆದು ಲೆಕ್ಕ ಹಾಕುತ್ತಿದ್ದರು. ವಯಸ್ಸಿಗೊಮ್ಮೆ, ವೃತ್ತಿಗೊಮ್ಮೆ, ಜನ್ಮಸ್ಥಳಕ್ಕೊಮ್ಮೆ ಅದೇ ಹಾಳೆಗಳನ್ನು ಮತ್ತೆ ಮತ್ತೆ ತಿರುವಬೇಕಿತ್ತು. ಕೆಲಸ ಮುಗಿಯಲು ಏಳು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಜನಸಂಖ್ಯೆ ಏರುತ್ತಿದ್ದುದರಿಂದ, ಒಂದು ಗಣತಿಯ ಲೆಕ್ಕ ಮುಗಿಯುವ ಮೊದಲೇ ಮುಂದಿನ ಗಣತಿ ಎದುರಾಗುವ ಆತಂಕವಿತ್ತು. ಈ ಎಣಿಕೆಯನ್ನು ಯಂತ್ರಕ್ಕೆ ಒಪ್ಪಿಸಬಹುದೆಂಬ ಸುಳಿವು ನೀಡಿದವರು ಹಿರಿಯ ಅಧಿಕಾರಿ ಜಾನ್ ಶಾ ಬಿಲ್ಲಿಂಗ್ಸ್.

1884ರಲ್ಲಿ ಮೊದಲ ಪೇಟೆಂಟ್ ಅರ್ಜಿ ಸಲ್ಲಿಸಿದ ಹಾಲೆರಿತ್, ಆರಂಭದಲ್ಲಿ ತೂತು ಕೊರೆದ ಕಾಗದದ ಸುರುಳಿಯನ್ನು ಬಳಸಿದರು. ಆದರೆ ಒಬ್ಬರ ವಿವರ ಹುಡುಕಲು ಸುರುಳಿಯನ್ನೇ ಬಿಚ್ಚಬೇಕಿತ್ತು, ವಿವರಗಳನ್ನು ವಿಂಗಡಿಸಲು ಸಾಧ್ಯವಿರಲಿಲ್ಲ. ಪ್ರಯಾಣಿಕರ ಕೂದಲು, ಕಣ್ಣುಗಳ ಬಣ್ಣವನ್ನು ಟಿಕೆಟ್ ಮೇಲೆ ತೂತು ಹೊಡೆದು ಗುರುತಿಸುತ್ತಿದ್ದ ರೈಲ್ವೆ ಸಿಬ್ಬಂದಿಯ ಪದ್ಧತಿ ಅವರಿಗೆ ದಾರಿ ತೋರಿತು. ಒಬ್ಬ ವ್ಯಕ್ತಿಗೆ ಒಂದು ಕಾರ್ಡ್ ಎಂಬ ನಿಯಮ ಹೀಗೆ ರೂಪುಗೊಂಡಿತು.

ಯಂತ್ರದ ಕ್ರಮ ಸರಳವಾಗಿತ್ತು. ಕಾರ್ಡಿನ ಮೇಲೆ ಸೂಜಿಗಳ ಸಾಲು ಇಳಿಯುತ್ತಿತ್ತು. ತೂತು ಇದ್ದಲ್ಲಿ ಸೂಜಿ ಕೆಳಗಿನ ಪಾದರಸವನ್ನು ಮುಟ್ಟಿ ವಿದ್ಯುತ್ ಹರಿಯುತ್ತಿತ್ತು, ಎಣಿಕೆಯ ಮುಳ್ಳು ಒಂದು ಹೆಜ್ಜೆ ಮುಂದೆ ಸರಿಯುತ್ತಿತ್ತು. ಯಾವ ಸ್ಥಾನದ ತೂತಿಗೆ ಯಾವ ಅರ್ಥ ಎಂಬುದನ್ನು ಮೊದಲೇ ನಿಶ್ಚಯಿಸಿದ್ದೇ ಈ ವಿಧಾನದ ಜೀವಾಳ.

1889ರಲ್ಲಿ ಗಣತಿ ಇಲಾಖೆ ಮೂರು ವಿಧಾನಗಳ ನಡುವೆ ಸ್ಪರ್ಧೆ ಏರ್ಪಡಿಸಿತು. ವಿವರಗಳನ್ನು ಎಣಿಸಲು ಉಳಿದೆರಡು ವಿಧಾನಗಳಿಗೆ 44 ಮತ್ತು 55 ಗಂಟೆ ಮೀರಿದರೆ, ಹಾಲೆರಿತ್ ಯಂತ್ರಕ್ಕೆ ಸುಮಾರು ಐದೂವರೆ ಗಂಟೆ ಸಾಕಾಯಿತು. ಮರುವರ್ಷದ ಗಣತಿಯಲ್ಲಿ ಆರು ಕೋಟಿ ಮೀರಿದ ಜನಸಂಖ್ಯೆಯ ಪ್ರಾಥಮಿಕ ಲೆಕ್ಕ ಕೆಲವೇ ವಾರಗಳಲ್ಲಿ ಹೊರಬಿತ್ತು. 1897ರ ರಷ್ಯಾದ ಗಣತಿಗೂ ಅವರ ಯಂತ್ರಗಳು ಬಳಕೆಯಾದವು.

ಯಶಸ್ಸಿನ ಜೊತೆಗೆ ಕಲಹವೂ ಬಂದಿತು. 1896ರಲ್ಲಿ ಸ್ವಂತ ಕಂಪನಿ ಸ್ಥಾಪಿಸಿದ್ದ ಹಾಲೆರಿತ್, ಯಂತ್ರಗಳನ್ನು ಬಾಡಿಗೆಗೆ ನೀಡುತ್ತಿದ್ದರು. ಬಾಡಿಗೆ ದುಬಾರಿ ಎಂದು ಗಣತಿ ಇಲಾಖೆ ತಕರಾರು ತೆಗೆಯಿತು. ಅವರು ಪಟ್ಟು ಸಡಿಲಿಸಲಿಲ್ಲ. ಇಲಾಖೆ 1910ರ ಗಣತಿಗೆ ತನ್ನದೇ ಯಂತ್ರಗಳನ್ನು ಸಿದ್ಧಪಡಿಸಿಕೊಂಡಿತು. ತಮ್ಮನ್ನು ಬೆಳೆಸಿದ ಗಣತಿಯಿಂದಲೇ ಅವರು ಹೊರಗುಳಿದರು. 1911ರಲ್ಲಿ ಅವರ ಕಂಪನಿ ಇತರ ಸಂಸ್ಥೆಗಳೊಂದಿಗೆ ವಿಲೀನಗೊಂಡಿತು. ಆ ಸಂಸ್ಥೆಯೇ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. 1929ರ ನವೆಂಬರ್ 17ರಂದು ವಾಷಿಂಗ್ಟನ್‌ನಲ್ಲಿ ಹಾಲೆರಿತ್ ನಿಧನರಾದರು.

ಅವರ ಗುರುತು ಮಾತ್ರ ಅಳಿಯಲಿಲ್ಲ. ಐಬಿಎಂ 1928ರಲ್ಲಿ ತಂದ ಕಾರ್ಡಿನ 80 ಕಾಲಂಗಳು ಮುಂದೆ ಕಂಪ್ಯೂಟರ್ ಟರ್ಮಿನಲ್‌ಗಳ ಸಾಲಿನ ಅಳತೆಯಾಗಿ ಉಳಿದವು. ಆ ಸಾಲುಗಳಲ್ಲಿ ಆಜ್ಞೆಯೊಂದು ತಂತ್ರಾಂಶದ ಘಟಕಗಳ ಪಟ್ಟಿಯನ್ನು ಅಂದವಾಗಿ ಜೋಡಿಸಿ ತೋರಿಸಿದರೆ ಮನುಷ್ಯ ಸುಲಭವಾಗಿ ಓದುತ್ತಾನೆ. ಅದೇ ಪಟ್ಟಿಯನ್ನು ಇನ್ನೊಂದು ಪ್ರೋಗ್ರಾಂ ತಪ್ಪಿಲ್ಲದೆ ಓದಬೇಕಾದರೆ ಹೆಸರು ಎಲ್ಲಿ, ಆವೃತ್ತಿ ಎಲ್ಲಿ ಎಂಬುದು ಮೊದಲೇ ನಿಗದಿಯಾಗಿರಬೇಕು. ಗಣತಿಯ ಕಾರ್ಡಿನ ಮೂಲಕ ಹಾಲೆರಿತ್ ಕಲಿಸಿದ್ದು ಈ ಶಿಸ್ತನ್ನೇ.