ಗಾಲಿಯ ಮೇಲಿನ ಮನೆ: ಜಾನ್ ಸ್ಟೈನ್‌ಬೆಕ್ಕನ ಬಾಳು

ಮೋಟಾರು ಗಾಡಿಯೊಂದು ಕೆಟ್ಟು ನಿಲ್ಲುವುದು ಸಾಹಿತ್ಯಕ್ಕೆ ವಸ್ತುವಾದೀತೇ ಎಂಬ ಸಂದೇಹ ಸಹಜವಾದುದು. ಕರ್ಣನ ರಥದ ಗಾಲಿಯನ್ನು ನೆಲ ನುಂಗಿದ ಪ್ರಸಂಗವನ್ನು ಕಣ್ಣು ತೇವ ಮಾಡಿಕೊಂಡು ಓದುವ ನಾವು, ಹಳೆಯ ಕಾರಿನ ಬೇರಿಂಗ್ ಸುಟ್ಟುಹೋದ ಪ್ರಸಂಗ ಬಂದರೆ ಪುಟ ಮಗುಚಿ ಮುಂದೆ ಸಾಗುತ್ತೇವೆ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ಕನ ವಿಷಯ ತರಗತಿಯಲ್ಲಿ ಬಂದಾಗಲೆಲ್ಲ, ಅಂಥ ಪುಟಗಳನ್ನು ಬಿಡಬೇಡಿರೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಆತನ ಬಾಳಿನ ಪರಿಚಯವಾದರೆ ಈ ಮಾತಿನ ಅರ್ಥ ತಾನಾಗಿ ಹೊಳೆಯುತ್ತದೆ.

ಸ್ಟೈನ್‌ಬೆಕ್ ಹುಟ್ಟಿದ್ದು 1902ರ ಫೆಬ್ರವರಿ 27ರಂದು, ಕ್ಯಾಲಿಫೋರ್ನಿಯದ ಸಲೀನಾಸ್ ಎಂಬ ಊರಿನಲ್ಲಿ. ತಾಯಿಯ ತಂದೆ ಸ್ಯಾಮ್ಯುಯೆಲ್ ಹ್ಯಾಮಿಲ್ಟನ್ ಐರ್ಲೆಂಡಿನಿಂದ ವಲಸೆ ಬಂದವನು. ಕಬ್ಬಿಣದ ಕೆಲಸ ಬಲ್ಲವನು, ಹೊಸ ಹೊಸ ಉಪಕರಣಗಳನ್ನು ಕಲ್ಪಿಸಿದವನು, ಆದರೆ ಅದರಿಂದ ಹಣ ಮಾಡಲು ತಿಳಿಯದವನು. 1952ರ 'ಈಸ್ಟ್ ಆಫ್ ಈಡನ್' ಕಾದಂಬರಿಯಲ್ಲಿ ಈ ಅಜ್ಜನು ಅದೇ ಹೆಸರಿನಿಂದ ಚಿರಂಜೀವಿಯಾಗಿದ್ದಾನೆ. ಸಲಕರಣೆಗಳ ಮೇಲಿನ ಮೋಹ ಮೊಮ್ಮಗನಿಗೆ ಬಂದ ಪಿತ್ರಾರ್ಜಿತವೆಂದೇ ಹೇಳಬೇಕು.

1919ರಿಂದ 1925ರವರೆಗೆ ಆತನು ಬಿಟ್ಟು ಬಿಟ್ಟು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದನು, ಪದವಿ ಪಡೆಯಲಿಲ್ಲ. ನಡುನಡುವೆ ಸಕ್ಕರೆ ಕಾರ್ಖಾನೆಯಲ್ಲಿಯೂ ಹೊಲಗಳಲ್ಲಿಯೂ ದುಡಿದನು. ನ್ಯೂಯಾರ್ಕಿಗೆ ಹೋಗಿ ಕಟ್ಟಡದ ಕೆಲಸದಲ್ಲಿ ಕೂಲಿಯಾಗಿ ಸಿಮೆಂಟು ಹೊತ್ತನು. 1929ರಲ್ಲಿ ಮೊದಲ ಕಾದಂಬರಿ ಬಂದಾಗ ಯಾರೂ ಗಮನಿಸಲಿಲ್ಲ. 1933ರಲ್ಲಿ ಬಂದ 'ಟು ಎ ಗಾಡ್ ಅನ್‌ನೋನ್' ಎಂಬ ಕಾದಂಬರಿಯ ಹೆಸರನ್ನು ಆತನು ಋಗ್ವೇದದ ಹಿರಣ್ಯಗರ್ಭ ಸೂಕ್ತದಿಂದ ತೆಗೆದುಕೊಂಡನೆಂಬುದು ನಮಗೆ ಕುತೂಹಲದ ಸಂಗತಿ. ಕೀರ್ತಿ ಬಂದುದು 1935ರ 'ಟೋರ್ಟಿಲ್ಲಾ ಫ್ಲ್ಯಾಟ್'ನಿಂದ.

1936ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದು ಆತನಿಗೆ ಒಂದು ಕೆಲಸ ಒಪ್ಪಿಸಿತು. ಬರಗಾಲಕ್ಕೂ ಧೂಳಿನ ಬಿರುಗಾಳಿಗೂ ಸಿಕ್ಕಿ, ಸಾಲಕ್ಕೆ ನೆಲ ಕಳೆದುಕೊಂಡು ಒಕ್ಲಹೋಮ ಮೊದಲಾದ ಪ್ರಾಂತಗಳಿಂದ ಕ್ಯಾಲಿಫೋರ್ನಿಯಕ್ಕೆ ಗುಳೆ ಬಂದ ರೈತರ ಪಾಡನ್ನು ಕಣ್ಣಾರೆ ಕಂಡು ಬರೆಯಬೇಕಾಗಿತ್ತು. ಸ್ಟೈನ್‌ಬೆಕ್ ಬ್ರೆಡ್ಡು ಸಾಗಿಸುವ ಹಳೆಯ ಗಾಡಿಯೊಂದನ್ನು ಕೊಂಡು, ಅದರೊಳಗೇ ಮಲಗಲು, ಅಡಿಗೆ ಮಾಡಿಕೊಳ್ಳಲು ಅನುಕೂಲ ಮಾಡಿಕೊಂಡು ಹೊರಟನು. ಹೊಸ ಕಾರಿನಲ್ಲಿ ಹೋದ ಪತ್ರಕರ್ತನನ್ನು ಹಸಿದ ಜನ ನಂಬುವುದು ಕಷ್ಟ. ಹಳೆಯ ಗಾಡಿಯವನು ತಮ್ಮವನಂತೆ ಕಾಣುತ್ತಾನೆ. ನಿರಾಶ್ರಿತರ ಶಿಬಿರದ ಅಧಿಕಾರಿ ಟಾಮ್ ಕಾಲಿನ್ಸನ ನೆರವಿನಿಂದ ಆತನು ಗುಡಾರಗಳಲ್ಲಿ ಕುಳಿತು ಅವರ ಮಾತು ಕೇಳಿದನು. ಅವರ ಗಾಡಿಗಳೇ ಅವರ ಮನೆಗಳು. ಹೊಲ ಹೋಗಿತ್ತು, ಸೂರು ಹೋಗಿತ್ತು. ಉಳಿದಿದ್ದುದು ನಾಲ್ಕು ಸವೆದ ಟೈರುಗಳ ಮೇಲೆ ನಿಂತ ಸಂಸಾರ.

ಅದರ ಫಲ 1939ರ 'ದಿ ಗ್ರೇಪ್ಸ್ ಆಫ್ ರಾತ್'. ಪತ್ನಿ ಕ್ಯಾರೊಲ್ ಸೂಚಿಸಿದ ಹೆಸರು ಅದು. ಅದರಲ್ಲಿನ ಜೋಡ್ ಕುಟುಂಬ ಹಳೆಯ ಹಡ್ಸನ್ ಕಾರೊಂದರ ಹಿಂಭಾಗವನ್ನು ಕತ್ತರಿಸಿ ಲಾರಿಯಾಗಿ ಮಾರ್ಪಡಿಸಿಕೊಂಡು 66ನೆಯ ಹೆದ್ದಾರಿ ಹಿಡಿಯುತ್ತದೆ. ಹರೆಯದ ಹುಡುಗ ಆಲ್ ಆ ಗಾಡಿಯನ್ನು ಆರಿಸಿದವನು. ಬಿಡಿಭಾಗಗಳು ದಾರಿಯಲ್ಲಿ ಅಗ್ಗವಾಗಿ ದೊರೆಯುವ ಗಾಡಿಯೇ ಬಡವನಿಗೆ ಒಳ್ಳೆಯ ಗಾಡಿ ಎಂಬ ವಿವೇಕ ಅವನಿಗಿದೆ. ಸವೆದ ಗೇರುಗಳ ಸದ್ದು ಅಡಗಿಸಲು ಮರದ ಹೊಟ್ಟು ತುಂಬಿ ಮಾರುವ ವ್ಯಾಪಾರಿಗಳ ಮೋಸವನ್ನೂ ಲೇಖಕ ಬಯಲಿಗೆಳೆಯುತ್ತಾನೆ.

ದಾರಿಯಲ್ಲಿ ಜೊತೆಗೂಡಿದ ಇನ್ನೊಂದು ಕುಟುಂಬದ ಕಾರಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗ್ ಹಾಳಾಗುತ್ತದೆ. ಎಂಜಿನ್ನಿನ ಪಿಸ್ಟನ್ನಿಗೂ ಅದರ ಕೆಳಗಿನ ತಿರುಗು ದಂಡಕ್ಕೂ ನಡುವೆ ಇರುವ ತೋಳು ಅದು. ಅದರ ಬುಡದ ಮೆದು ಲೋಹ ಎಣ್ಣೆಯಿಲ್ಲದೆಯೋ ಸವೆದೋ ಹೋದರೆ ಎಂಜಿನ್ನಿನಿಂದ ಬಡಿತದ ಸದ್ದು ಏಳುತ್ತದೆ. ಆ ಸದ್ದನ್ನು ಕೇಳಿಯೂ ಓಡಿಸಿದರೆ ತೋಳು ಮುರಿದು ಎಂಜಿನ್ನನ್ನೇ ಸೀಳಬಹುದು. ಗಾಡಿ ನಿಲ್ಲುತ್ತದೆ. ಉಳಿದವರು ಮುಂದೆ ಹೋಗಲಿ, ತಾನು ಹಿಂದುಳಿದು ರಿಪೇರಿ ಮಾಡಿ ಬರುವೆನೆಂದು ಮಗ ಟಾಮ್ ಸೂಚಿಸುತ್ತಾನೆ. ಲೆಕ್ಕಕ್ಕೆ ಸರಿಯಾದ ಸಲಹೆ. ಆದರೆ ತಾಯಿ ಜಾಕಿನ ಹಿಡಿಯನ್ನು ಕೈಗೆತ್ತಿಕೊಂಡು ಗಂಡನಿಗೇ ಎದುರು ನಿಲ್ಲುತ್ತಾಳೆ. ಮನೆಮಂದಿ ಚದುರಿದರೆ ತಮಗೆ ಉಳಿಯುವುದೇನೂ ಇಲ್ಲವೆಂಬುದು ಆಕೆಯ ನಿಲುವು. ಮಣ್ಣು ಹೋದ ಮೇಲೆ ಮನೆತನವೆಂಬುದು ಆ ಗಾಡಿಯ ಮೇಲಷ್ಟೇ ಉಳಿದಿದೆ. ಹೀಗೆ ಅಂಗೈಯಗಲದ ಲೋಹದ ತುಂಡೊಂದು ಒಂದು ಸಂಸಾರದ ಅಳಿವು ಉಳಿವಿನ ಪ್ರಶ್ನೆಯಾಗುತ್ತದೆ.

ಕೊನೆಗೆ ಅಣ್ಣತಮ್ಮಂದಿರು ಗುಜರಿ ಅಂಗಡಿಗೆ ಹೋಗಿ ಅದೇ ತಯಾರಿಕೆಯ ಹಳೆಯ ಕಾರನ್ನು ಹುಡುಕಿ, ಅದರ ತೋಳನ್ನು ಬಿಚ್ಚಿ ತರುತ್ತಾರೆ. ದೀಪದ ಬೆಳಕಿನಲ್ಲಿ ಕೂಡಿಸುತ್ತಾರೆ. ಗಾಡಿ ಕೆಟ್ಟುದಕ್ಕೆ ತನ್ನನ್ನು ದೂರುವರೋ ಎಂದು ಆಲ್ ಅಂಜುತ್ತಾನೆ. ಟಾಮ್ ಅವನನ್ನು ದೂರುವುದಿಲ್ಲ. ಯಾರ ತಪ್ಪು ಎಂದು ವಾದಿಸುತ್ತ ಕುಳಿತರೆ ಗಾಡಿ ನಡೆಯದು. ಎಲ್ಲಿ ಕೆಟ್ಟಿದೆ ಎಂದು ಮೊದಲು ನೋಡಬೇಕು.

ಇದು ಕೇವಲ ಮೆಕ್ಯಾನಿಕ್ಕಿನ ವಿವೇಕವಲ್ಲ, ಸ್ಟೈನ್‌ಬೆಕ್ಕನ ದರ್ಶನವೇ ಹೌದು. 1930ರಿಂದ ಆತನ ಆಪ್ತನಾಗಿದ್ದ ಜೀವವಿಜ್ಞಾನಿ ಎಡ್ ರಿಕೆಟ್ಸ್, ಏಕೆ ಎಂದು ಕೇಳುವ ಮೊದಲು ಏನಿದೆ, ಹೇಗಿದೆ ಎಂದು ನೋಡಬೇಕೆಂಬುದನ್ನು ಬಾಳಿನ ಸೂತ್ರವಾಗಿಸಿಕೊಂಡಿದ್ದನು. 1940ರಲ್ಲಿ ಇಬ್ಬರೂ ಕ್ಯಾಲಿಫೋರ್ನಿಯ ಕೊಲ್ಲಿಯಲ್ಲಿ ಕಡಲಜೀವಿಗಳನ್ನು ಸಂಗ್ರಹಿಸಲು ಹೋದಾಗ, ಬೇಕಾದಾಗ ಎಂದೂ ಹೊರಡದ ಸಣ್ಣ ದೋಣಿಯ ಮೋಟಾರನ್ನು ಆತನು ಜೀವಂತ ಕಿಡಿಗೇಡಿಯಂತೆ ಚಿತ್ರಿಸಿ ನಗಿಸಿದ್ದಾನೆ. 1947ರ 'ದಿ ವೇವರ್ಡ್ ಬಸ್' ಕಾದಂಬರಿಯಲ್ಲಿ ಬಸ್ಸಿನ ಗೇರು ಮುರಿದುದರಿಂದಲೇ ಅಪರಿಚಿತ ಪ್ರಯಾಣಿಕರು ಒಂದೆಡೆ ತಂಗುತ್ತಾರೆ. ಅವರ ಅಂತರಂಗ ತೆರೆಯುತ್ತದೆ. 1948ರಲ್ಲಿ ರಿಕೆಟ್ಸನ ಕಾರಿಗೆ ರೈಲು ಬಡಿದು ಆತನು ತೀರಿಕೊಂಡನು. ಆ ನೋವು ಸ್ಟೈನ್‌ಬೆಕ್ಕನನ್ನು ಬಹುಕಾಲ ಬಿಡಲಿಲ್ಲ.

1960ರಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ದೇಹ ಸೋತಿದ್ದರೂ ಆತನು ಮತ್ತೆ ಮನೆಗಾಡಿ ಏರಿದನು. ಮುಕ್ಕಾಲು ಟನ್ನಿನ ಜಿ.ಎಂ.ಸಿ. ಟ್ರಕ್ಕಿನ ಮೇಲೆ ದೋಣಿಯ ಕೋಣೆಯಂಥ ಪುಟ್ಟ ಮನೆ. ದೀಪಗಳಿಗೆಂದು ದೊಡ್ಡ ಜನರೇಟರು. ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರು, ರೋಸಿನಾಂಟೆ. ಜೊತೆಗೆ ಚಾರ್ಲಿ ಎಂಬ ನಾಯಿ. ಮುಚ್ಚಳವಿರುವ ತೊಟ್ಟಿಯಲ್ಲಿ ಬಟ್ಟೆಯನ್ನೂ ಸೋಪಿನ ನೀರನ್ನೂ ಹಾಕಿ ರಬ್ಬರು ಹಗ್ಗದಿಂದ ತೂಗುಬಿಟ್ಟರೆ ಗಾಡಿಯ ಕುಲುಕಾಟಕ್ಕೆ ತಾನೇ ಒಗೆದುಹೋಗುವ ಉಪಾಯವನ್ನು ಆತನು ಹೂಡಿದನು. ಅಜ್ಜನ ಮೊಮ್ಮಗನೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಓದಬೇಕೆಂದಿದ್ದೂ ಓದದೆ ಉಳಿದ ಪುಸ್ತಕಗಳನ್ನೇ ನೂರೈವತ್ತು ಪೌಂಡು ಹೇರಿದ್ದನಂತೆ! ಭಾರ ಹೆಚ್ಚಾಯಿತು. ಆರೆಗನ್ ಪ್ರಾಂತದಲ್ಲಿ ಮಳೆಯ ಭಾನುವಾರ ಹಿಂದಿನ ಟೈರೊಂದು ಸಿಡಿಯಿತು. ಅಂಥ ಹೊರೆಗೆ ತಕ್ಕ ಭಾರಿ ಟೈರು ಆ ಊರಿನಲ್ಲಿರಲಿಲ್ಲ. ನೋಟಕ್ಕೆ ಭಯ ಹುಟ್ಟಿಸುವಂತಿದ್ದ ಪೆಟ್ರೋಲ್ ಅಂಗಡಿಯವನೊಬ್ಬ ಊರೂರಿಗೆ ಫೋನು ಮಾಡಿ, ನಾಲ್ಕು ಗಂಟೆಯೊಳಗೆ ಟೈರು ತರಿಸಿ ಹಾಕಿಸಿದನೆಂದು ಆತನು ಬರೆಯುತ್ತಾನೆ. ಈ ಪ್ರವಾಸಗ್ರಂಥದ ಹಲವು ಭೇಟಿಗಳು ಕಲ್ಪಿತವೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಅದನ್ನು ಕಥೆಗಾರನ ಕೃತಿಯೆಂದೇ ಓದುವುದು ಲೇಸು.

1962ರಲ್ಲಿ ನೊಬೆಲ್ ಬಹುಮಾನ ಬಂದಾಗ ಅನೇಕ ವಿಮರ್ಶಕರು ಮೂಗು ಮುರಿದರು. ಭಾವುಕತೆ ಹೆಚ್ಚೆಂಬ ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. 1968ರ ಡಿಸೆಂಬರ್ 20ರಂದು ಆತನು ನ್ಯೂಯಾರ್ಕಿನಲ್ಲಿ ತೀರಿಕೊಂಡನು. ರೋಸಿನಾಂಟೆ ಈಗ ಸಲೀನಾಸಿನ ಸ್ಮಾರಕ ಕೇಂದ್ರದಲ್ಲಿದೆ.

ಕೈಕೆಲಸದವನ ಏಕಾಗ್ರತೆಯನ್ನು ನಮ್ಮ ಶರಣರು ಕಾಯಕವೆಂದು ಕರೆದು ಪೂಜೆಗೆ ಸಮನಾಗಿ ಎಣಿಸಿದರು. ಎಂಜಿನ್ನಿನ ಬಡಿತಕ್ಕೆ ಕಿವಿಗೊಟ್ಟು ರೋಗವಾವುದೆಂದು ತಿಳಿಯುವ ಆಲ್ ಮತ್ತು ಟಾಮರಲ್ಲಿ ಸ್ಟೈನ್‌ಬೆಕ್ ಕಂಡುದು ಅದೇ ಏಕಾಗ್ರತೆಯನ್ನು. ನೆಲ ಕಳೆದುಕೊಂಡವರ ಎದೆಯ ಬಡಿತವನ್ನು ಆತನು ಆಲಿಸಿದುದೂ ಹಾಗೆಯೇ. ಮೊದಲು ದೂರದೆ, ಮೊದಲು ಕೇಳಿ. ಆ ಪುಟಗಳನ್ನು ಬಿಟ್ಟು ಓದಿದವರಿಗೆ ಕಥೆ ಸಿಕ್ಕೀತು, ಕಥೆಗಾರ ಸಿಕ್ಕಲಾರ.