ಯುದ್ಧದಿಂದ ತರಗತಿಗೆ ಬಂದ ಪ್ರಶಿಕ್ಷಣಾರ್ಥಿ: ಎರಿಕ್ ಮರಿಯಾ ರೆಮಾರ್ಕ್

ಈ ಸಲದ ಅಭ್ಯಾಸ ಬೋಧನೆಯಲ್ಲಿ ಪ್ರೌಢಶಾಲೆಯೊಂದರ ಸಮಾಜ ವಿಜ್ಞಾನ ಪಾಠವನ್ನು ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪಾಠ ಮೊದಲನೆಯ ಮಹಾಯುದ್ಧದ್ದು. ಪ್ರಶಿಕ್ಷಣಾರ್ಥಿ ಒಳ್ಳೆಯ ಸಿದ್ಧತೆ ಮಾಡಿಕೊಂಡು ಬಂದಿದ್ದರು. ಯುದ್ಧದ ಕಾರಣಗಳನ್ನು ಕಪ್ಪುಹಲಗೆಯ ಮೇಲೆ ಅಂಶಗಳಾಗಿ ಬರೆದರು, ನಕ್ಷೆ ತೂಗುಹಾಕಿ ಎರಡೂ ಬಣಗಳನ್ನು ತೋರಿಸಿದರು. ನಡುವೆ ಒಬ್ಬ ಹುಡುಗ ಎದ್ದುನಿಂತು, ಯುದ್ಧಕ್ಕೆ ಹೋದ ಸೈನಿಕರಿಗೆ ಎಷ್ಟು ವಯಸ್ಸಾಗಿತ್ತು ಎಂದು ಕೇಳಿದ. ಅದು ಪಾಠದಲ್ಲಿಲ್ಲವೆಂದು ಹೇಳಿ ಅವರು ಮುಂದಿನ ಅಂಶಕ್ಕೆ ಹೋದರು. ವಿಷಯಾಂತರವಾಗದಂತೆ ತರಗತಿಯನ್ನು ನಿಭಾಯಿಸಿದ್ದಾರೆ ಎಂದು ನಾನು ವೀಕ್ಷಣಾ ಪುಸ್ತಕದಲ್ಲಿ ಮೆಚ್ಚಿಯೇ ಬರೆದೆ.

ಸಂಜೆ ಬಸ್ಸಿನಲ್ಲಿ ಬರುವಾಗ ನಾನು ಬರೆದದ್ದು ಸರಿಯಲ್ಲ ಎನಿಸತೊಡಗಿತು. ಇಡೀ ಪಾಠದಲ್ಲಿ ಒಬ್ಬ ವಿದ್ಯಾರ್ಥಿಯಿಂದ ತಾನಾಗಿ ಹುಟ್ಟಿದ ಪ್ರಶ್ನೆ ಅದೊಂದೇ. ಆ ಪ್ರಶ್ನೆಗೆ ತನ್ನ ಬದುಕಿನಿಂದಲೇ ಉತ್ತರ ಕೊಡಬಲ್ಲ ಒಬ್ಬ ಲೇಖಕರನ್ನು ನಾನು ಓದಿದ್ದೆ. ಅವರು ಯುದ್ಧಕ್ಕೆ ಹೋಗುವ ಮೊದಲು ನಮ್ಮ ಕಾಲೇಜಿನಂಥದ್ದೇ ಒಂದು ಸಂಸ್ಥೆಯಲ್ಲಿ ಪ್ರಶಿಕ್ಷಣಾರ್ಥಿಯಾಗಿದ್ದರು, ಮರಳಿದ ಮೇಲೆ ಹಳ್ಳಿಯ ಶಾಲೆಗಳಲ್ಲಿ ಮೇಷ್ಟ್ರಾದರು. ಅವರನ್ನು ಕಾದಂಬರಿಕಾರರೆಂದು ಎಲ್ಲರೂ ಬಲ್ಲರು. ಶಿಕ್ಷಕರಾಗಿದ್ದರೆಂಬುದನ್ನು ಹೆಚ್ಚಿನವರು ಗಮನಿಸಿಲ್ಲ. ಅದಕ್ಕಾಗಿ ಅವರ ಬದುಕನ್ನು ಇಲ್ಲಿ ಹೇಳುತ್ತಿದ್ದೇನೆ.

ಎರಿಕ್ ಪೌಲ್ ರೆಮಾರ್ಕ್ 1898ರ ಜೂನ್ 22ರಂದು ಜರ್ಮನಿಯ ಒಸ್ನಾಬ್ರ್ಯುಕ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯದು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಮನೆಯಲ್ಲಿ ಅನುಕೂಲ ಕಡಿಮೆ, ಬಾಡಿಗೆ ಮನೆಗಳನ್ನು ಬದಲಿಸುವುದೇ ಆಗಿತ್ತು. ವಿಶ್ವವಿದ್ಯಾಲಯಕ್ಕೆ ದಾರಿಯಾಗುವ ದೊಡ್ಡ ಶಾಲೆಗೆ ಮಗನನ್ನು ಕಳಿಸುವ ಶಕ್ತಿ ಕುಟುಂಬಕ್ಕೆ ಇರಲಿಲ್ಲ. ಅಂಥ ಮನೆಯ ಚುರುಕು ಹುಡುಗನಿಗೆ ಆ ಕಾಲದಲ್ಲಿ ತೆರೆದಿದ್ದ ದಾರಿ ಶಿಕ್ಷಕ ವೃತ್ತಿ. ನಮ್ಮಲ್ಲೂ ಎಷ್ಟೋ ಜನ ಈ ವೃತ್ತಿಗೆ ಬಂದದ್ದು ಇದೇ ಕಾರಣಕ್ಕೆ. ರೆಮಾರ್ಕ್ 1912ರಿಂದ ಪೂರ್ವಸಿದ್ಧತಾ ಶಾಲೆಯಲ್ಲಿ ಓದಿ, 1915ರಲ್ಲಿ ಊರಿನ ಕ್ಯಾಥೊಲಿಕ್ ಶಿಕ್ಷಕರ ತರಬೇತಿ ಸಂಸ್ಥೆಗೆ ಸೇರಿದರು.

ಅಷ್ಟು ಹೊತ್ತಿಗೆ ಯುದ್ಧ ಶುರುವಾಗಿ ಒಂದು ವರ್ಷವಾಗಿತ್ತು. ಶಾಲೆಯಲ್ಲಿ, ಚರ್ಚಿನಲ್ಲಿ, ಪತ್ರಿಕೆಗಳಲ್ಲಿ ದೇಶಕ್ಕಾಗಿ ಹೋರಾಡುವುದೇ ಯುವಕರ ಧರ್ಮವೆಂಬ ಮಾತು ತುಂಬಿತ್ತು. ಹುಡುಗರನ್ನು ಸೇನೆಗೆ ಸಿದ್ಧಪಡಿಸುವ ಯುವದಳಗಳು ಹುಟ್ಟಿಕೊಂಡಿದ್ದವು. 1916ರಲ್ಲಿ ಸ್ಥಳೀಯ ಪತ್ರಿಕೆಯೊಂದರಲ್ಲಿ ಅಚ್ಚಾದ ರೆಮಾರ್ಕ್ ಅವರ ಮೊದಲ ಬರಹದ ವಿಷಯ ಆ ಯುವದಳದ ಕಷ್ಟಸುಖಗಳೇ. ಮುಂದೆ ಯುದ್ಧದ ವಿರುದ್ಧ ಜಗತ್ತೇ ಓದುವಂಥ ಪುಸ್ತಕ ಬರೆದವರು ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಹಾಗೆ ಬರೆದಿದ್ದರು. ಪ್ರಶಿಕ್ಷಣಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು. ದೊಡ್ಡವರ ಮಾತನ್ನು ಆ ವಯಸ್ಸಿನವರು ನಂಬುತ್ತಾರೆ. ಬುದ್ಧಿವಂತರೂ ನಂಬುತ್ತಾರೆ.

1916ರ ನವೆಂಬರಿನಲ್ಲಿ ಕಡ್ಡಾಯ ಸೇನಾಸೇವೆಯ ಕರೆ ಬಂತು. ಆಗ ಅವರಿಗೆ ಹದಿನೆಂಟು ವರ್ಷ. ತರಬೇತಿ ಸಂಸ್ಥೆಯ ಸಹಪಾಠಿಗಳೂ ಜೊತೆಗಿದ್ದರು. ತಿಂಗಳುಗಟ್ಟಲೆ ಕವಾಯತು ಮುಗಿಸಿ, 1917ರ ಜೂನಿನಲ್ಲಿ ಪಶ್ಚಿಮ ರಣರಂಗಕ್ಕೆ ಹೋದರು. ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದಲ್ಲಿ ಕಂದಕ ತೋಡುವುದು, ಮುಳ್ಳುತಂತಿ ಎಳೆಯುವುದು ಅವರ ತುಕಡಿಯ ಕೆಲಸ. ಇದನ್ನೆಲ್ಲ ರಾತ್ರಿಯ ಕತ್ತಲಲ್ಲಿ, ಶೆಲ್ ದಾಳಿಯ ನಡುವೆ ಮಾಡಬೇಕಿತ್ತು. ಜುಲೈ 31ರಂದು ಬ್ರಿಟಿಷರ ದೊಡ್ಡ ದಾಳಿ ಮೊದಲಾಯಿತು. ಮೂರನೆಯ ಈಪ್ರ್ ಕದನವೆಂದು ಚರಿತ್ರೆಯ ಪುಸ್ತಕಗಳಲ್ಲಿ ಇರುವುದು ಅದೇ. ಆ ಮೊದಲ ದಿನವೇ ಶೆಲ್ ಚೂರುಗಳು ತಗುಲಿ ರೆಮಾರ್ಕ್ ಅವರ ಕಾಲು, ತೋಳು, ಕುತ್ತಿಗೆಗೆ ಗಾಯಗಳಾದವು. ರಣರಂಗದಲ್ಲಿ ಅವರು ಕಳೆದದ್ದು ಕೆಲವೇ ವಾರ.

ನಂತರದ ಒಂದು ವರ್ಷಕ್ಕೂ ಹೆಚ್ಚು ಕಾಲ ಡ್ಯೂಸ್‌ಬರ್ಗ್ ನಗರದ ಸೈನಿಕ ಆಸ್ಪತ್ರೆಯಲ್ಲಿ ಕಳೆಯಿತು. ಗಾಯ ಸ್ವಲ್ಪ ವಾಸಿಯಾದಾಗ ಅಲ್ಲಿನ ಕಚೇರಿಯಲ್ಲಿ ಕೆಲಸ ಮಾಡುತ್ತ, ರಣರಂಗದಿಂದ ಬರುತ್ತಿದ್ದ ಗಾಯಾಳುಗಳ ಕಥೆಗಳನ್ನು ಕೇಳಿದರು. ಅವರ ಕಾದಂಬರಿಗೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ಬಂದದ್ದು ಹೀಗೆ. ಅದೇ 1917ರ ಸೆಪ್ಟೆಂಬರಿನಲ್ಲಿ ತಾಯಿ ಅನ್ನಾ ಮರಿಯಾ ಕ್ಯಾನ್ಸರಿನಿಂದ ತೀರಿಕೊಂಡರು. ಮುಂದೆ ತಮ್ಮ ಹೆಸರಿನ ಪೌಲ್ ಎಂಬುದನ್ನು ಬಿಟ್ಟು, ತಾಯಿಯ ನೆನಪಿಗೆ ಮರಿಯಾ ಎಂದು ಸೇರಿಸಿಕೊಂಡರು. ಬಿಟ್ಟ ಪೌಲ್ ಎಂಬ ಹೆಸರು ಅವರ ಕಾದಂಬರಿಯ ನಾಯಕನದಾಯಿತು.

1918ರ ಕೊನೆಯಲ್ಲಿ ಯುದ್ಧ ನಿಂತಿತು. ಊರಿಗೆ ಮರಳಿದ ಮೊದಲ ದಿನಗಳಲ್ಲಿ ರೆಮಾರ್ಕ್, ತಮಗೆ ಸಿಕ್ಕಿರದ ಅಧಿಕಾರಿ ದರ್ಜೆಯ ಸಮವಸ್ತ್ರ ಧರಿಸಿ ಬೀದಿಯಲ್ಲಿ ಓಡಾಡಿದ್ದುಂಟು. ಅವರನ್ನು ಆದರ್ಶ ಪುರುಷನನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಇಪ್ಪತ್ತರ ಯುವಕನಿಗೆ ತಾನು ಯಾರೆಂಬುದೇ ತಿಳಿಯದ ಸ್ಥಿತಿ ಅದು ಎಂದಷ್ಟೇ ನನಗೆ ತೋರುತ್ತದೆ. ಅರ್ಧಕ್ಕೆ ನಿಂತಿದ್ದ ತರಬೇತಿಗೆ ಮರಳಿ ಸೇರಿ, 1919ರಲ್ಲಿ ಪರೀಕ್ಷೆ ಮುಗಿಸಿದರು. ಸಹಪಾಠಿಗಳ ಸಾವು ಕಂಡು ಬಂದವರು ಮತ್ತೆ ಬೆಂಚಿನ ಮೇಲೆ ಕುಳಿತು ಪಾಠ ಒಪ್ಪಿಸಬೇಕಾಯಿತು.

ಆಮೇಲೆ ಶಿಕ್ಷಕ ವೃತ್ತಿ. 1919ರ ಆಗಸ್ಟಿನಿಂದ ಲೋನೆ ಎಂಬ ಹಳ್ಳಿ, 1920ರ ಮೇ ತಿಂಗಳಿನಿಂದ ಕ್ಲೈನ್ ಬೆರ್ಸೆನ್, ಅದೇ ಆಗಸ್ಟಿನಿಂದ ನಾನೆ. ಮೂರೂ ತಾತ್ಕಾಲಿಕ ಹುದ್ದೆಗಳು. 1920ರ ನವೆಂಬರಿನಲ್ಲಿ ಶಾಲೆಯನ್ನು ಬಿಟ್ಟರು, ಮತ್ತೆ ಎಂದೂ ಹೋಗಲಿಲ್ಲ. ಒಟ್ಟು ಸೇವೆ ಒಂದೂಕಾಲು ವರ್ಷ.

ಬಿಟ್ಟದ್ದು ಏಕೆ? 1931ರಲ್ಲಿ ಬಂದ ಅವರ ‘ದಿ ರೋಡ್ ಬ್ಯಾಕ್’ ಕಾದಂಬರಿಯಲ್ಲಿ ಇದಕ್ಕೆ ಸುಳಿವಿದೆ. ಅದರ ನಾಯಕ ಎರ್ನ್ಸ್ಟ್ ಯುದ್ಧದಿಂದ ಮರಳಿ, ತರಬೇತಿ ಮುಗಿಸಿ, ಹಳ್ಳಿಯ ಶಾಲೆಗೆ ಮೇಷ್ಟ್ರಾಗಿ ಹೋಗುತ್ತಾನೆ. ಒಂದು ದಿನ ಪುಟ್ಟ ಮಕ್ಕಳ ಮುಂದೆ ನಿಂತಾಗ ತನ್ನಲ್ಲಿ ಕಲಿಸಲು ಏನಿದೆ ಎಂಬ ಪ್ರಶ್ನೆ ಅವನನ್ನು ಹಿಡಿದು ನಿಲ್ಲಿಸುತ್ತದೆ. ತಾನು ಚೆನ್ನಾಗಿ ಕಲಿತದ್ದು ಕೊಲ್ಲುವುದನ್ನು ಮಾತ್ರ. ಉಳಿದ ಪುಸ್ತಕದ ಮಾತುಗಳಲ್ಲಿ ತನಗೇ ನಂಬಿಕೆಯಿಲ್ಲ. ಅವನು ಕೆಲಸ ಬಿಡುತ್ತಾನೆ. ಕಾದಂಬರಿಯ ಪಾತ್ರವೇ ಲೇಖಕ ಎಂದು ಹೇಳಲಾಗದು. ಆದರೂ ಮೂರು ಶಾಲೆ ಬದಲಿಸಿ ಹೊರನಡೆದ ಮೇಷ್ಟ್ರಲ್ಲದೆ ಬೇರೆಯವರು ಆ ಭಾಗವನ್ನು ಹಾಗೆ ಬರೆಯಲಾರರು ಎಂದು ನನ್ನ ನಂಬಿಕೆ.

ಮುಂದೆ ಹೊಟ್ಟೆಪಾಡಿಗೆ ಗೋರಿಕಲ್ಲು ಮಾರಿದರು, ಮಾನಸಿಕ ರೋಗಿಗಳ ಆಸ್ಪತ್ರೆಯ ಚರ್ಚಿನಲ್ಲಿ ಆರ್ಗನ್ ನುಡಿಸಿದರು. ಬಳಿಕ ಹ್ಯಾನೋವರಿನಲ್ಲಿ ರಬ್ಬರ್ ಕಂಪನಿಯೊಂದರ ಪತ್ರಿಕೆಗೆ ಸೇರಿ, 1925ರ ಹೊತ್ತಿಗೆ ಬರ್ಲಿನ್ನಿನ ಕ್ರೀಡಾ ಪತ್ರಿಕೆಗೆ ಬಂದರು. ಯುದ್ಧ ಮುಗಿದು ಹತ್ತು ವರ್ಷವಾಗುತ್ತಿದ್ದಾಗ, ಇಂಗ್ಲಿಷಿನಲ್ಲಿ ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂದು ಹೆಸರಾದ ಕಾದಂಬರಿಯನ್ನು ಬರೆದರು. ಒಬ್ಬ ದೊಡ್ಡ ಪ್ರಕಾಶಕರು, ಯುದ್ಧದ ಕಥೆ ಈಗ ಯಾರಿಗೂ ಬೇಡವೆಂದು ಹಸ್ತಪ್ರತಿಯನ್ನು ಮರಳಿಸಿದರು. 1928ರ ನವೆಂಬರಿನಿಂದ ಅದು ಬರ್ಲಿನ್ನಿನ ದಿನಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು, 1929ರ ಜನವರಿಯಲ್ಲಿ ಪುಸ್ತಕವಾಯಿತು. ಒಂದೂವರೆ ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 25 ಲಕ್ಷ ಪ್ರತಿಗಳು ಮಾರಾಟವಾದವು.

ಈ ಕಥೆಯ ಬೇರು ಇರುವುದು ತರಗತಿಯಲ್ಲಿ. ಕಾಂಟೊರೆಕ್ ಎಂಬ ಮೇಷ್ಟ್ರು ದೇಶಪ್ರೇಮದ ಭಾಷಣ ಮಾಡಿ ಮಾಡಿ ಇಡೀ ತರಗತಿಯನ್ನು ಸೇನೆಗೆ ಸೇರಿಸುತ್ತಾರೆ. ಹೋಗಲು ಹಿಂಜರಿದ ಬೆಮ್ ಎಂಬ ಹುಡುಗನೂ ಎಲ್ಲಿ ಹೇಡಿ ಎನಿಸಿಕೊಳ್ಳುತ್ತೇನೋ ಎಂಬ ಭಯಕ್ಕೆ ಹೋಗುತ್ತಾನೆ, ಎಲ್ಲರಿಗಿಂತ ಮೊದಲು ಸಾಯುತ್ತಾನೆ. ಕಾಂಟೊರೆಕ್ ಕೆಟ್ಟ ಮನುಷ್ಯನಲ್ಲ ಎಂಬುದೇ ಇಲ್ಲಿ ಮುಖ್ಯ. ಅವರು ಒಳ್ಳೆಯದನ್ನೇ ಹೇಳುತ್ತಿದ್ದೇನೆಂದು ನಂಬಿದ್ದರು. ಅವರಂಥವರು ಸಾವಿರಾರು ಜನ ಇದ್ದರೆಂದು ಪೌಲ್ ಹೇಳುತ್ತಾನೆ. ಮಾತು ಆಡಿದವರು ಅದರ ಬೆಲೆ ತೆರಲಿಲ್ಲ, ಕೇಳಿದ ಹುಡುಗರು ತೆತ್ತರು.

ಇನ್ನೊಂದು ಕಡೆ ಕಂದಕದ ಹುಡುಗರು ಶಾಲೆಯಲ್ಲಿ ಕಲಿತದ್ದನ್ನು ಒಬ್ಬರಿಗೊಬ್ಬರು ಪ್ರಶ್ನೆ ಹಾಕಿ ನೆನಪಿಸಿಕೊಂಡು ನಗುತ್ತಾರೆ. ಇಸವಿಗಳು, ಊರುಗಳ ಜನಸಂಖ್ಯೆ, ಯಾರೋ ರಾಜರ ಹೆಸರು. ಮಳೆಯಲ್ಲಿ ಬೆಂಕಿ ಹೊತ್ತಿಸುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಆ ಪುಟಗಳನ್ನು ಓದುವಾಗ ನಾವು ಬರೆಸುವ ಪಾಠ ಯೋಜನೆಗಳು ನನಗೆ ನೆನಪಾಗುತ್ತವೆ. ಸತ್ತವನ ಬೂಟುಗಳು ಇನ್ನೊಬ್ಬನಿಗೆ, ಅವನೂ ಸತ್ತಾಗ ಮತ್ತೊಬ್ಬನಿಗೆ ಹೋಗುತ್ತವೆ. ಒಂದೇ ತರಗತಿಯ ಹಾಜರಿ ಪಟ್ಟಿಯಲ್ಲಿ ಒಂದೊಂದೇ ಹೆಸರು ಅಳಿಯುತ್ತ, ಕೊನೆಗೆ 1918ರ ಅಕ್ಟೋಬರಿನ ಒಂದು ಶಾಂತ ದಿನ ಪೌಲ್ ಕೂಡ ಸಾಯುತ್ತಾನೆ. ರೆಮಾರ್ಕ್ ಇದನ್ನು ಶಾಲಾ ಮಕ್ಕಳಿಗೆಂದು ಬರೆಯಲಿಲ್ಲ. ಆದರೆ ಹದಿಹರೆಯದ ಸೈನಿಕರ ಕುರಿತು ಆಮೇಲೆ ಕಿರಿಯರಿಗಾಗಿ ಬಂದ ಎಷ್ಟೋ ಕಾದಂಬರಿಗಳ ಹಿಂದೆ ಈ ತರಗತಿ ಇದೆ. ಅನೇಕ ದೇಶಗಳ ಶಾಲೆಗಳಲ್ಲಿ ಇದನ್ನು ಇಂದಿಗೂ ಓದಿಸುತ್ತಾರೆ.

1930ರಲ್ಲಿ ಲೂಯಿಸ್ ಮೈಲ್‌ಸ್ಟೋನ್ ಇದನ್ನು ಅಮೆರಿಕದಲ್ಲಿ ಸಿನಿಮಾ ಮಾಡಿ ಆಸ್ಕರ್ ಪಡೆದರು. ಪುಸ್ತಕದಲ್ಲಿಲ್ಲದ ಒಂದು ದೃಶ್ಯ ಅದರಲ್ಲಿದೆ. ರಜೆಯ ಮೇಲೆ ಬಂದ ಪೌಲ್ ತನ್ನ ಹಳೆಯ ತರಗತಿಗೆ ಹೋಗಿ ಅಲ್ಲಿನ ಹುಡುಗರಿಗೆ ಯುದ್ಧದ ನಿಜ ಹೇಳುತ್ತಾನೆ, ಅವರು ಅವನನ್ನೇ ಹೇಡಿ ಎನ್ನುತ್ತಾರೆ. ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಸಿನಿಮಾ ಬಂದಾಗ ಗೋಬೆಲ್ಸ್ ಮುಂದಾಳತ್ವದಲ್ಲಿ ನಾಜಿಗಳು ಚಿತ್ರಮಂದಿರದೊಳಗೆ ಬಿಳಿ ಇಲಿಗಳನ್ನು ಬಿಟ್ಟು, ದುರ್ವಾಸನೆಯ ಗುಂಡುಗಳನ್ನು ಎಸೆದು ಗಲಭೆ ಎಬ್ಬಿಸಿದರು. ಕೆಲವೇ ದಿನಗಳಲ್ಲಿ ಸಿನಿಮಾಕ್ಕೆ ನಿಷೇಧ ಬಂತು. 1933ರ ಮೇ 10ರ ರಾತ್ರಿ ಅವರ ಪುಸ್ತಕಗಳನ್ನು ಬೆಂಕಿಗೆ ಹಾಕಿದರು. ಹಾಗೆ ಹಾಕಿದವರಲ್ಲಿ ಮುಂದಿದ್ದವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು.

ರೆಮಾರ್ಕ್ ಅಷ್ಟರಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿದ್ದರು. 1938ರಲ್ಲಿ ಅವರ ಜರ್ಮನ್ ಪೌರತ್ವವನ್ನು ಕಿತ್ತುಕೊಂಡರು. ಮರುವರ್ಷ ಅವರು ಅಮೆರಿಕ ಸೇರಿದರು. ಕೈಗೆ ಸಿಗದ ಅಣ್ಣನ ಬದಲು ತಂಗಿ ಸಿಕ್ಕರು. ಬಟ್ಟೆ ಹೊಲಿದು ಬದುಕುತ್ತಿದ್ದ ಎಲ್ಫ್ರಿಡೆ ಶೋಲ್ಜ್, ಯುದ್ಧದಲ್ಲಿ ಜರ್ಮನಿ ಸೋತಾಯಿತು ಎಂಬಂಥ ಮಾತು ಆಡಿದ್ದನ್ನು ಪರಿಚಯದವರೇ ವರದಿ ಮಾಡಿದರು. ವಿಚಾರಣೆಯಲ್ಲಿ ನ್ಯಾಯಾಧೀಶರು ಅಣ್ಣನ ಹೆಸರನ್ನೂ ಎತ್ತಿದರು. 1943ರ ಡಿಸೆಂಬರ್ 16ರಂದು ಆಕೆಯ ತಲೆ ಕಡಿದರು. ಈ ಸುದ್ದಿ ರೆಮಾರ್ಕ್ ಅವರಿಗೆ ತಿಳಿದದ್ದು ಯುದ್ಧ ಮುಗಿದ ಮೇಲೆ. 1952ರ ‘ಸ್ಪಾರ್ಕ್ ಆಫ್ ಲೈಫ್’ ಕಾದಂಬರಿಯನ್ನು ತಂಗಿಯ ನೆನಪಿಗೆ ಅರ್ಪಿಸಿದರು.

1954ರಲ್ಲಿ ‘ಎ ಟೈಮ್ ಟು ಲವ್ ಅಂಡ್ ಎ ಟೈಮ್ ಟು ಡೈ’ ಬಂತು. ಎರಡನೆಯ ಮಹಾಯುದ್ಧದ ಈ ಕಥೆಯಲ್ಲೂ ಒಬ್ಬ ಮೇಷ್ಟ್ರಿದ್ದಾರೆ, ಪೋಲ್‌ಮನ್. ಕೆಲಸ ಕಳೆದುಕೊಂಡ ಅವರು ಪಾಳುಬಿದ್ದ ಊರಿನಲ್ಲಿ ಯಹೂದಿಯೊಬ್ಬನಿಗೆ ಆಶ್ರಯ ಕೊಟ್ಟಿರುತ್ತಾರೆ. ಹಳೆಯ ವಿದ್ಯಾರ್ಥಿಯಾದ ಸೈನಿಕನೊಬ್ಬ, ನಡೆದ ಪಾಪದಲ್ಲಿ ತನ್ನ ಪಾಲೆಷ್ಟು ಎಂದು ಕೇಳಲು ಅವರ ಹತ್ತಿರ ಬರುತ್ತಾನೆ. 1958ರಲ್ಲಿ ಡಗ್ಲಾಸ್ ಸರ್ಕ್ ಇದನ್ನು ಸಿನಿಮಾ ಮಾಡಿದಾಗ ಪೋಲ್‌ಮನ್ ಪಾತ್ರವನ್ನು ರೆಮಾರ್ಕ್ ಅವರೇ ಮಾಡಿದರು. ಇಪ್ಪತ್ತೆರಡರಲ್ಲಿ ಶಾಲೆ ಬಿಟ್ಟವರು ಅರವತ್ತರ ಹತ್ತಿರದಲ್ಲಿ ಮತ್ತೆ ಮೇಷ್ಟ್ರಾಗಿ ಕಾಣಿಸಿಕೊಂಡರು. ಕಾಂಟೊರೆಕ್ ಹುಡುಗರಿಗೆ ಭಾಷಣ ಮಾಡಿದ್ದರು, ಪೋಲ್‌ಮನ್ ಹುಡುಗನ ಪ್ರಶ್ನೆಯನ್ನು ಕುಳಿತು ಕೇಳಿದರು. 1970ರ ಸೆಪ್ಟೆಂಬರ್ 25ರಂದು ರೆಮಾರ್ಕ್ ಸ್ವಿಟ್ಜರ್‌ಲೆಂಡಿನ ಲೊಕಾರ್ನೊದಲ್ಲಿ ತೀರಿಕೊಂಡರು.

ಮರುವಾರ ಆ ಪ್ರಶಿಕ್ಷಣಾರ್ಥಿಯನ್ನು ಕರೆದು, ತಪ್ಪು ನಿಮ್ಮದಕ್ಕಿಂತ ನನ್ನದು ಹೆಚ್ಚು ಎಂದು ಹೇಳಿ, ರೆಮಾರ್ಕ್ ಕಥೆಯನ್ನು ಹಂಚಿಕೊಂಡೆ. ಅವರು ಮುಂದಿನ ಅವಧಿಯ ಮೊದಲ ಹತ್ತು ನಿಮಿಷ ಅದಕ್ಕೇ ಇಟ್ಟರು. ಹುಡುಗನ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಒಸ್ನಾಬ್ರ್ಯುಕ್‌ನ ಪ್ರಶಿಕ್ಷಣಾರ್ಥಿಗೆ ಆಗ ಹದಿನೆಂಟು ಎಂದು ಉತ್ತರ ಕೊಟ್ಟರು. ತನ್ನ ಅಣ್ಣನಿಗೂ ಹದಿನೆಂಟು ಎಂದು ಒಬ್ಬ ಹುಡುಗಿ ಹೇಳಿದಳು. ಆಮೇಲೆ ಯುದ್ಧದ ಕಾರಣಗಳ ಪುನರಾವರ್ತನೆ ಆಯಿತು, ಮಕ್ಕಳು ಮೊದಲಿಗಿಂತ ಗಮನವಿಟ್ಟು ಕೇಳಿದರು. ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದಿದ್ದ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದ್ದೇನೆ. ಇದನ್ನು ಓದುವ ಸಹೋದ್ಯೋಗಿಗಳು ತಾವು ಬರೆದ ಇಂಥ ಸಾಲುಗಳನ್ನು ಒಮ್ಮೆ ತಿರುವಿ ನೋಡಬೇಕೆಂದು ಕೋರುತ್ತೇನೆ.